ಎರಡು ಮಾದರಿಗಳ ವ್ಯಾಜ್ಯ: ತೀರ್ಪಿಗಾಗಿ ಪ್ರಯೋಗ ರೂಪಿಸಿದ ಬಗೆ

ಒಂದೇ ವಿದ್ಯಮಾನವನ್ನು ವಿವರಿಸುವ ಎರಡು ಗಣಿತ ಮಾದರಿಗಳು ಲಭ್ಯ ಅಂಕಿಅಂಶಗಳಿಗೆ ಸರಿಸಮನಾಗಿ ಹೊಂದಿಕೊಂಡಾಗ, ಅದೇ ಬಗೆಯ ಅಳತೆಗಳನ್ನು ಹೆಚ್ಚಿಸುತ್ತ ಹೋಗುವುದರಿಂದ ಗೊಂದಲ ಸುಲಭವಾಗಿ ಬಗೆಹರಿಯುವುದಿಲ್ಲ. ಎಲ್ಲಿ ಅಳೆದರೆ ಅವುಗಳ ಫಲಿತಗಳು ಬೇರೆಯಾಗುತ್ತವೆ ಎಂಬುದನ್ನು ಮೊದಲೇ ಲೆಕ್ಕಹಾಕಬೇಕಾಗುತ್ತದೆ.

ಪ್ರಯೋಗ ವಿನ್ಯಾಸವನ್ನು ಶಾಸ್ತ್ರವಾಗಿ ನೆಲೆಗೊಳಿಸಿದ ಆರ್. ಎ. ಫಿಶರ್ ಅವರ ಗ್ರಂಥ 1935ರಲ್ಲಿಯೇ ಬಂದಿತ್ತಾದರೂ, ಮುಂದೆ ಬೆಳೆದ ಅತ್ಯುತ್ತಮ ವಿನ್ಯಾಸದ ಸಿದ್ಧಾಂತವು ಮುಖ್ಯವಾಗಿ ಮಾದರಿ ಯಾವುದೆಂದು ಒಪ್ಪಿಕೊಂಡು, ಅದರ ನಿಯತಾಂಕಗಳನ್ನು, ಅಂದರೆ ಸಮೀಕರಣದಲ್ಲಿ ಬೆಲೆ ತಿಳಿಯಬೇಕಾದ ಸ್ಥಿರಾಂಕಗಳನ್ನು, ನಿಖರವಾಗಿ ಅಂದಾಜಿಸುವ ಗುರಿ ಹೊಂದಿತ್ತು. ರಾಸಾಯನಿಕ ಕ್ರಿಯೆಗಳ ವೇಗವನ್ನು ಅಭ್ಯಸಿಸುವವರಿಗೆ ಮಾದರಿಯೇ ವಿವಾದದ ವಿಷಯವಾಗಿತ್ತು.

ಕಿಣ್ವದ ಕೆಲಸವನ್ನು ತಡೆಯುವ ಪ್ರತಿಬಂಧಕವು ಮೂಲವಸ್ತು ಕೂರಬೇಕಾದ ಜಾಗವನ್ನೇ ಆಕ್ರಮಿಸುತ್ತದೆಯೋ, ಇಲ್ಲವೇ ಬೇರೆಡೆ ಅಂಟಿಕೊಂಡು ಕಿಣ್ವವನ್ನು ನಿಷ್ಕ್ರಿಯಗೊಳಿಸುತ್ತದೆಯೋ ಎಂಬುದು ಇಂಥದೊಂದು ಪ್ರಶ್ನೆ. ಪ್ರತಿಬಂಧಕದ ಸಾರತೆಯು ಅದರ ಬಂಧನ ಸ್ಥಿರಾಂಕಕ್ಕೆ ಸಮನಾಗಿದ್ದು, ಮೂಲವಸ್ತುವಿನ ಸಾರತೆಯು ಅರ್ಧವೇಗಕ್ಕೆ ಬೇಕಾದುದರ ಹತ್ತನೇ ಒಂದು ಭಾಗ ಮಾತ್ರವಿದ್ದರೆ, ಮೊದಲ ಮಾದರಿಯು ಗರಿಷ್ಠ ವೇಗದ ಸುಮಾರು ಶೇ 4.8ರಷ್ಟನ್ನೂ ಎರಡನೆಯದು ಶೇ 4.5ರಷ್ಟನ್ನೂ ಸೂಚಿಸುತ್ತವೆ, ಅಳತೆಯ ದೋಷದಲ್ಲಿ ಈ ಅಂತರ ಮುಚ್ಚಿಹೋಗಬಹುದು. ಸಾರತೆಯನ್ನು ಅರ್ಧವೇಗದ ಮಟ್ಟದ ಒಂಬತ್ತು ಪಟ್ಟಿಗೆ ಏರಿಸಿದರೆ ಅವು ಕ್ರಮವಾಗಿ ಶೇ 82 ಮತ್ತು ಶೇ 45 ಆಗುತ್ತವೆ. ಆದರೆ ಆ ಒಂದೇ ಬಿಂದುವಿನಲ್ಲಿ ಅಳೆದರೆ, ಸೋಲಬೇಕಾದ ಮಾದರಿಯು ತನ್ನ ಸ್ಥಿರಾಂಕಗಳನ್ನು ಬದಲಿಸಿಕೊಂಡು ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ ಹಲವು ಬಿಂದುಗಳನ್ನು ಒಟ್ಟಾಗಿ ಆರಿಸಬೇಕು.

1965ರಲ್ಲಿ ಹಂಟರ್ ಮತ್ತು ರೈನರ್, ಅದುವರೆಗಿನ ಅಂಕಿಅಂಶಗಳಿಗೆ ಎರಡೂ ಮಾದರಿಗಳನ್ನು ಹೊಂದಿಸಿ, ಅವುಗಳ ಸೂಚನೆಗಳ ನಡುವೆ ಅತಿ ಹೆಚ್ಚು ಅಂತರವಿರುವಲ್ಲಿ ಮುಂದಿನ ಅಳತೆ ತೆಗೆಯುವ ಕ್ರಮವನ್ನು ಮುಂದಿಟ್ಟರು. ಆ ಸೂಚನೆಗಳೇ ಎಷ್ಟು ಅನಿಶ್ಚಿತ ಎಂಬುದು ಅದರಲ್ಲಿ ಲೆಕ್ಕಕ್ಕೆ ಬರುತ್ತಿರಲಿಲ್ಲ. 1967ರಲ್ಲಿ ಬಾಕ್ಸ್ ಮತ್ತು ಹಿಲ್ ಈ ಕೊರತೆಯನ್ನು ತುಂಬಿ, ಪ್ರತಿ ಮಾದರಿಗೂ ಒಂದು ಸಂಭವನೀಯತೆ ಕೊಟ್ಟು, ಅನಿಶ್ಚಿತತೆಯ ಅಳತೆಯಾದ ಶ್ಯಾನನ್ ಅವರ ಎಂಟ್ರೊಪಿಯನ್ನು ಅತಿ ಹೆಚ್ಚು ತಗ್ಗಿಸಬಲ್ಲ ಪ್ರಯೋಗವನ್ನು ಆರಿಸುವ ಮಾನದಂಡ ರೂಪಿಸಿದರು. 1975ರಲ್ಲಿ ಅಟ್ಕಿನ್ಸನ್ ಮತ್ತು ಫೆಡೊರೊವ್ ಮಂಡಿಸಿದ ‘ಟಿ-ಆಪ್ಟಿಮಲ್’ ವಿನ್ಯಾಸವು, ಒಂದು ಮಾದರಿ ನಿಜವೆಂದು ಭಾವಿಸಿ, ಎದುರಾಳಿ ಎಷ್ಟೇ ಚೆನ್ನಾಗಿ ಹೊಂದಿಕೊಂಡರೂ ಉಳಿಯುವ ಅಂತರವನ್ನು ಗರಿಷ್ಠಗೊಳಿಸುತ್ತದೆ. ಯಾವುದು ನಿಜವೆಂಬ ಊಹೆಯನ್ನೇ ಆ ಲೆಕ್ಕ ಬಯಸುವುದರಿಂದ, ಅಳೆದಂತೆಲ್ಲ ವಿನ್ಯಾಸವನ್ನು ತಿದ್ದುವ ಹಂತಹಂತದ ಕ್ರಮ ಇಂದಿಗೂ ಬಳಕೆಯಲ್ಲಿದೆ.

ಸ್ಪರ್ಧೆಗಿಳಿದ ಮಾದರಿಗಳೆಲ್ಲವೂ ತಪ್ಪಾಗಿದ್ದರೆ, ಎಷ್ಟೇ ಚತುರ ವಿನ್ಯಾಸವೂ ಅವುಗಳಲ್ಲಿ ಕಡಿಮೆ ತಪ್ಪಿನದನ್ನು ತೋರಿಸಬಲ್ಲದೇ ಹೊರತು ಸರಿಯಾದುದನ್ನು ಸೃಷ್ಟಿಸಲಾರದು.