ಎದೆಯೊಳಗಿನ ಪುಟ್ಟ ರೇಡಿಯೊ: ಪೇಸ್‌ಮೇಕರ್‌ಗೂ ಬೇಕು ಬೀಗ

ಬೆಂಗಳೂರು: ಹೆಬ್ಬಾಳ, ಯಶವಂತಪುರದ ದೊಡ್ಡ ಆಸ್ಪತ್ರೆಗಳಲ್ಲಿ ಪೇಸ್‌ಮೇಕರ್ ಅಳವಡಿಕೆ ಈಗ ಅಪರೂಪದ ಚಿಕಿತ್ಸೆಯಲ್ಲ. ಯಲಹಂಕ, ಆರ್.ಟಿ. ನಗರದ ಎಷ್ಟೋ ಹಿರಿಯರ ಹೃದಯ ಬಡಿತವನ್ನು ಬೆಂಕಿಪೊಟ್ಟಣದಷ್ಟು ಗಾತ್ರದ ಈ ಯಂತ್ರವೇ ಕಾಯುತ್ತಿದೆ. ಆದರೆ ಅದರೊಳಗೆ ಪುಟ್ಟ ರೇಡಿಯೊ ಕೂಡ ಇರುತ್ತದೆ ಎಂಬುದು ಎಷ್ಟು ಕುಟುಂಬಗಳಿಗೆ ಗೊತ್ತು?

ರೇಡಿಯೊ ಏಕೆ?

ಒಮ್ಮೆ ದೇಹದೊಳಗೆ ಸೇರಿದ ಯಂತ್ರವನ್ನು ಹೊಂದಿಸಲು ಪ್ರತಿಬಾರಿಯೂ ಶಸ್ತ್ರಚಿಕಿತ್ಸೆ ಮಾಡಲಾಗದು. ಹಾಗಾಗಿ ವೈದ್ಯರು ಹೊರಗಿನಿಂದಲೇ ನಿಸ್ತಂತು ಸಂಕೇತದ ಮೂಲಕ ಅದರೊಂದಿಗೆ ಸಂಪರ್ಕ ಸಾಧಿಸುತ್ತಾರೆ. ಇಂತಹ ಸಾಧನಗಳಿಗೆಂದೇ 402ರಿಂದ 405 ಮೆಗಾಹರ್ಟ್ಸ್ ತರಂಗಾಂತರ ಮೀಸಲಿದೆ. ಹೊಸ ಮಾದರಿಗಳಲ್ಲಿ, ಹಾಸಿಗೆಯ ಪಕ್ಕದ ಮಾನಿಟರ್ ಅಥವಾ ಮೊಬೈಲ್ ಫೋನ್ ರೋಗಿಯ ಮಾಹಿತಿಯನ್ನು ಆಸ್ಪತ್ರೆಗೆ ರವಾನಿಸುತ್ತದೆ.

ಅಪಾಯ ಎಲ್ಲಿ?

2008ರಲ್ಲಿ ಕೆವಿನ್ ಫು, ತಡಯೋಶಿ ಕೊಹ್ನೊ ಮೊದಲಾದ ಅಮೆರಿಕದ ಸಂಶೋಧಕರು ಹೃದಯಕ್ಕೆ ವಿದ್ಯುದಾಘಾತ ನೀಡುವ ಡಿಫಿಬ್ರಿಲೇಟರ್ ಒಂದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಅದರಲ್ಲಿದ್ದ ರೋಗಿಯ ವಿವರ ಓದುವುದಷ್ಟೇ ಅಲ್ಲ, ಚಿಕಿತ್ಸೆಯ ಆದೇಶ ಬದಲಿಸುವುದೂ ಸಾಧ್ಯವೆಂದು ಸಾಬೀತಾಯಿತು. ತಮ್ಮ ಸಾಧನದ ನಿಸ್ತಂತು ಸೌಲಭ್ಯವನ್ನು 2007ರಲ್ಲೇ ನಿಷ್ಕ್ರಿಯಗೊಳಿಸಲಾಗಿತ್ತೆಂದು ಅಮೆರಿಕದ ಮಾಜಿ ಉಪಾಧ್ಯಕ್ಷ ಡಿಕ್ ಚೆನಿ 2013ರಲ್ಲಿ ಬಹಿರಂಗಪಡಿಸಿದರು.

2017ರ ಆಗಸ್ಟ್‌ನಲ್ಲಿ ಅಮೆರಿಕದ ಸುಮಾರು 4,65,000 ಅಬಾಟ್ ಪೇಸ್‌ಮೇಕರ್‌ಗಳಿಗೆ ತಂತ್ರಾಂಶ ಪರಿಷ್ಕರಣೆ ಘೋಷಣೆಯಾಯಿತು. ಅದಕ್ಕೆ ಶಸ್ತ್ರಚಿಕಿತ್ಸೆ ಬೇಕಿರಲಿಲ್ಲ; ಆಸ್ಪತ್ರೆಯಲ್ಲಿ ಸುಮಾರು ಮೂರು ನಿಮಿಷ ಸಾಕಿತ್ತು. 2019ರ ಮಾರ್ಚ್‌ನಲ್ಲಿ ಮೆಡ್‌ಟ್ರಾನಿಕ್‌ನ ಕೆಲವು ಸಾಧನಗಳ ಸಂಕೇತಗಳಿಗೆ ಗೂಢಲಿಪಿಯ ರಕ್ಷಣೆಯೇ ಇಲ್ಲವೆಂಬ ಎಚ್ಚರಿಕೆ ಹೊರಬಿತ್ತು. ಎರಡೂ ಸಂದರ್ಭಗಳಲ್ಲಿ ಯಾವ ರೋಗಿಗೂ ಹಾನಿಯಾದ ವರದಿ ಇರಲಿಲ್ಲವೆಂಬುದು ಸಮಾಧಾನದ ಸಂಗತಿ.

ಬೀಗದ ಇಕ್ಕಟ್ಟು

ಹಾಗಾದರೆ ಗಟ್ಟಿ ಬೀಗ ಹಾಕಬಾರದೇಕೆ? ರೋಗಿ ಊರಾಚೆ ಪ್ರಜ್ಞೆ ತಪ್ಪಿ ಬಿದ್ದರೆ, ಅಪರಿಚಿತ ವೈದ್ಯರೂ ಆ ಕ್ಷಣವೇ ಸಾಧನವನ್ನು ಪರಿಶೀಲಿಸುವಂತಿರಬೇಕು. ಕೀಲಿ ಸಿಗದಿದ್ದರೆ ಪ್ರಾಣಕ್ಕೇ ಸಂಚಕಾರ. ಜೊತೆಗೆ, ಗೂಢಲಿಪಿಯ ಲೆಕ್ಕಾಚಾರಕ್ಕೆ ವಿದ್ಯುತ್ ಬೇಕು. ಒಳಗಿರುವುದೋ ವರ್ಷಗಟ್ಟಲೆ ಬಾಳಬೇಕಾದ ಒಂದೇ ಬ್ಯಾಟರಿ. ಸುರಕ್ಷತೆ ಮತ್ತು ಗೋಪ್ಯತೆಗಳ ನಡುವಿನ ಈ ಸಮತೋಲನವೇ ತಯಾರಕರ ಮುಂದಿರುವ ಸವಾಲು.

ರೋಗಿಗಳು ಏನು ಮಾಡಬೇಕು?

ಭಾರತದಲ್ಲಿ ಇಂತಹ ಸಾಧನಗಳು 2017ರ ವೈದ್ಯಕೀಯ ಸಾಧನಗಳ ನಿಯಮಾವಳಿಯ ವ್ಯಾಪ್ತಿಗೆ ಬರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರಲಿವೆ. ಆದರೂ ಮೊದಲ ಕಾವಲು ರೋಗಿಯದೇ. ಸಾಧನದ ಗುರುತಿನ ಚೀಟಿ ಸದಾ ಜೊತೆಗಿರಲಿ. ತಪಾಸಣೆಗೆ ಹೋದಾಗ ಮೂರು ಪ್ರಶ್ನೆ ಕೇಳಿ: ಈ ಮಾದರಿಗೆ ಎಚ್ಚರಿಕೆ ಪ್ರಕಟವಾಗಿದೆಯೇ? ತಂತ್ರಾಂಶ ಪರಿಷ್ಕರಣೆ ಬಾಕಿಯಿದೆಯೇ? ನನ್ನ ಮಾಹಿತಿ ಯಾರ ಕೈ ಸೇರುತ್ತದೆ?

ಭಯಪಟ್ಟು ಮನೆಯ ಮಾನಿಟರ್ ಆರಿಸುವುದು ಮಾತ್ರ ಸಲ್ಲದು. ಕಳ್ಳನ ಭಯಕ್ಕೆ ಕಾವಲುಗಾರನನ್ನೇ ಮನೆಗೆ ಕಳುಹಿಸಿದಂತಾದೀತು.