ಕಾವ್ಯನಾಟಕದ ಮನೆ: ಬೆಲ್‌ಫಾಸ್ಟಿನ ಲಿರಿಕ್ ರಂಗಭೂಮಿ ಮತ್ತು ‘ತ್ರೆಷೋಲ್ಡ್’

ಆಧುನಿಕ ಕಾಲದ ಕಾವ್ಯನಾಟಕ ಓದಿಗೆ ಮಾತ್ರ ಒದಗುವ ಪ್ರಕಾರವೆಂಬ ಅಭಿಪ್ರಾಯ ವಿಮರ್ಶೆಯಲ್ಲಿ ಬಹುಕಾಲದಿಂದ ಇದೆ. ಈ ಅಭಿಪ್ರಾಯವನ್ನು ಪ್ರಯೋಗದ ಮೂಲಕವೇ ಪರೀಕ್ಷೆಗೊಡ್ಡಿದ ಸಂಸ್ಥೆ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ಲಿರಿಕ್ ಪ್ಲೇಯರ್ಸ್. 1951ರಲ್ಲಿ ಮೇರಿ ಓಮ್ಯಾಲಿ ಮತ್ತು ಅವರ ಪತಿ, ಮನೋವೈದ್ಯ ಪಿಯರ್ಸ್ ಓಮ್ಯಾಲಿ ಇದನ್ನು ತಮ್ಮ ಮನೆಯಲ್ಲಿಯೇ ಆರಂಭಿಸಿದರು.

ಈ ಆರಂಭಕ್ಕೆ ಡಬ್ಲಿನ್ನಿನ ಹಿನ್ನೆಲೆಯಿದೆ. 1904ರಲ್ಲಿ ತೆರೆದ ಅಬ್ಬಿ ರಂಗಮಂದಿರದ ಸ್ಥಾಪಕರಲ್ಲಿ ಕವಿ ಡಬ್ಲ್ಯು. ಬಿ. ಯೇಟ್ಸ್ ಪ್ರಮುಖರು. ಆದರೆ ಅಲ್ಲಿ ಕ್ರಮೇಣ ವಾಸ್ತವವಾದಿ ಗದ್ಯನಾಟಕಗಳೇ ಪ್ರಧಾನವಾದವು. ಯೇಟ್ಸರು ಜಪಾನಿನ ನೋ ನಾಟಕದಿಂದ ಪ್ರೇರಿತರಾಗಿ ಮುಖವಾಡ, ನೃತ್ಯ, ಪದ್ಯಗಳ ಕಿರುನಾಟಕಗಳತ್ತ ಹೊರಳಿದರು. ಅವುಗಳಲ್ಲಿ ಮೊದಲನೆಯದಾದ ‘ಅಟ್ ದಿ ಹಾಕ್ಸ್ ವೆಲ್’ 1916ರಲ್ಲಿ ಲಂಡನ್ನಿನ ಮನೆಯೊಂದರ ಪಡಸಾಲೆಯಲ್ಲಿ ಪ್ರಯೋಗಗೊಂಡಿತು. ಮುಂದೆ 1944ರಿಂದ ಪದ್ಯನಾಟಕಗಳನ್ನು ಆಡುತ್ತಿದ್ದ ಆಸ್ಟಿನ್ ಕ್ಲಾರ್ಕರ ಡಬ್ಲಿನ್ ತಂಡವೂ 1951ರಲ್ಲಿ ನಿಂತಿತು. ಅದೇ ವರ್ಷ ಬೆಲ್‌ಫಾಸ್ಟಿನಲ್ಲಿ ಈ ಪ್ರಯತ್ನ ಮೊದಲಾಯಿತು. ದೃಶ್ಯಾಡಂಬರವನ್ನು ಬೇಡದ ಯೇಟ್ಸರ ನಾಟಕಗಳಿಗೆ ಮನೆಯ ಪುಟ್ಟ ರಂಗ ಕೊರತೆಯಾಗದೆ ಅನುಕೂಲವೇ ಆಯಿತು.

ಆದರೆ ಕಾವ್ಯನಾಟಕಕ್ಕೆ ರಂಗದಷ್ಟೇ ಕೇಳುಗರೂ ಅಗತ್ಯ. 1957ರಲ್ಲಿ ಲಿರಿಕ್ ಆರಂಭಿಸಿದ ‘ತ್ರೆಷೋಲ್ಡ್’ ಪತ್ರಿಕೆಯನ್ನು ಈ ದೃಷ್ಟಿಯಿಂದ ನೋಡಬೇಕು. ಹೆಸರಿನ ಅರ್ಥ ‘ಹೊಸ್ತಿಲು’. ‘ರಾನ್’ ಎಂಬ ಕವಿತಾ ಪತ್ರಿಕೆ 1953ರಲ್ಲಿ ನಿಂತ ಮೇಲೆ ಆ ಪ್ರಾಂತದ ಬರಹಗಾರರಿಗೆ ವೇದಿಕೆಗಳು ವಿರಳವಾಗಿದ್ದವು. ಕವಿ ಜಾನ್ ಹ್ಯೂಯಿಟ್ ‘ತ್ರೆಷೋಲ್ಡ್’ನ ಕಾವ್ಯ ವಿಭಾಗದ ಸಂಪಾದಕರಾದರು. ಕವಿತೆ, ಕತೆ, ನಾಟಕ, ವಿಮರ್ಶೆಗಳನ್ನು ಒಟ್ಟಿಗೆ ಪ್ರಕಟಿಸಿದ ಪತ್ರಿಕೆಯು ರಂಗದಲ್ಲಿ ಕೇಳಿದ ಮಾತಿಗೆ ಓದಿನ ಪರಿಸರವೊಂದನ್ನು ನಿರ್ಮಿಸಿತು.

1960ರಲ್ಲಿ ಸಂಸ್ಥೆ ಟ್ರಸ್ಟಿನ ಸ್ವರೂಪ ಪಡೆದಾಗ ಯೇಟ್ಸರ ನಾಟಕಗಳ ಪ್ರಯೋಗವನ್ನು ತನ್ನ ಧ್ಯೇಯಗಳಲ್ಲಿ ಸೇರಿಸಿಕೊಂಡಿತು. 1965ರಲ್ಲಿ ಕ್ಲಾರ್ಕರೇ ಶಂಕುಸ್ಥಾಪನೆ ಮಾಡಿದ ಹೊಸ ರಂಗಮಂದಿರ 1968ರಲ್ಲಿ, ಪ್ರಾಂತದ ರಾಜಕೀಯ ಸಂಘರ್ಷ ಭುಗಿಲೇಳುತ್ತಿದ್ದಾಗ ತೆರೆಯಿತು. ದೊಡ್ಡ ಮಂದಿರಕ್ಕೆ ದೊಡ್ಡ ಪ್ರೇಕ್ಷಕವರ್ಗ ಬೇಕು. ಗದ್ಯನಾಟಕಗಳ ಪಾಲು ಹೆಚ್ಚಿದುದು ಇದರ ಸಹಜ ಪರಿಣಾಮ. ‘ತ್ರೆಷೋಲ್ಡ್’ ಸುಮಾರು ಮೂರು ದಶಕಗಳ ಅನಂತರ ನಿಂತಿತು. ರಂಗಮಂದಿರ ಮಾತ್ರ 2011ರಲ್ಲಿ ಹೊಸ ಕಟ್ಟಡ ಪಡೆದು ಮುಂದುವರಿಯಿತು.

ಹೀಗೆ ಲಿರಿಕ್‌ನ ಚರಿತ್ರೆ ಒಂದು ವೈರುಧ್ಯವನ್ನು ಮುಂದಿಡುತ್ತದೆ. ಕಾವ್ಯನಾಟಕ ಕಟ್ಟಿಕೊಟ್ಟ ಸಂಸ್ಥೆ ಉಳಿಯಲು ಕಾವ್ಯನಾಟಕವನ್ನು ದಾಟಿ ಬೆಳೆಯಬೇಕಾಯಿತು. ಆದರೂ ಸಂಸ್ಥೆಯ ಬುನಾದಿ ಕಾವ್ಯವೇ ಎಂಬುದನ್ನು ಮರೆಯಲಾಗದು. ಪ್ರಕಾರವೊಂದರ ಸೋಲು-ಗೆಲುವನ್ನು ಕೃತಿಗಳಿಂದ ಮಾತ್ರ ಅಳೆಯದೆ, ಅದಕ್ಕೆ ಒದಗಿದ ರಂಗ, ಪತ್ರಿಕೆ ಮತ್ತು ಕೇಳುಗರ ನೆಲೆಯಿಂದಲೂ ನೋಡಬೇಕೆಂಬುದನ್ನು ಈ ನಿದರ್ಶನ ಸ್ಪಷ್ಟಪಡಿಸುತ್ತದೆ.