‘ಇಂದ’ ಅಂದರೆ ‘ಫ್ರಮ್’ ಅಲ್ಲ

ಇಂದ ಅಂದರೆ ‘ಫ್ರಮ್’, ಗೆ ಅಂದರೆ ‘ಟು’, ಅಲ್ಲಿ ಅಂದರೆ ‘ಇನ್’, ಮೇಲೆ ಅಂದರೆ ‘ಆನ್’. ಹುಲಸೂರ, ಬಸವಕಲ್ಯಾಣ, ಹುಮನಾಬಾದ್ ಕಡೆಯ ಮಕ್ಕಳು ಇದನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಒಪ್ಪಿಸಿದ ಮಗುವನ್ನು ನೋಡಿ ಅಪ್ಪ ಅಮ್ಮ ಹಿಗ್ಗುತ್ತಾರೆ, ಹೇಳಿಕೊಟ್ಟವರು ಪಾಠ ಮುಗಿಯಿತು ಅಂದುಕೊಳ್ಳುತ್ತಾರೆ. ಒಂದಕ್ಕೂ ಇನ್ನೊಂದಕ್ಕೂ ಇರುವ ಸಂಬಂಧವನ್ನು ಇಂಗ್ಲಿಷಿನಲ್ಲಿ ಹೇಳಲು ಈ ಪುಟ್ಟ ಪದಗಳ ಪಟ್ಟಿ ಸಾಕು, ಕನ್ನಡದ ಒಂದೊಂದು ಪ್ರತ್ಯಯಕ್ಕೂ ಅಲ್ಲೊಂದು ಪದ ತಯಾರಿದೆ ಎಂಬ ನಂಬಿಕೆ ಎಷ್ಟು ಬೇರುಬಿಟ್ಟಿದೆ ಎಂದರೆ, ಓದಿದವರೂ ಇದನ್ನು ಪ್ರಶ್ನೆ ಮಾಡುವುದಿಲ್ಲ.

ಈ ಪಟ್ಟಿ ಬುಡದಿಂದಲೇ ತಪ್ಪು. ‘ಇಂದ’ ಒಂದನ್ನೇ ತೆಗೆದುಕೊಳ್ಳಿ. ಹುಲಸೂರದಿಂದ ಬಂದೆ ಎಂದರೆ ‘ಫ್ರಮ್’, ಸರಿ. ಕುಡುಗೋಲಿನಿಂದ ಕೊಯ್ದೆ ಎಂದರೆ ‘ವಿತ್’. ಜಲಸಂಗ್ವಿಯ ಗುಡಿ ಚಾಲುಕ್ಯರಿಂದ ಕಟ್ಟಲ್ಪಟ್ಟಿತು ಎಂದರೆ ‘ಬೈ’. ಮಳೆಯಿಂದ ತೊಗರಿ ಹಾಳಾಯಿತು ಎಂದರೆ ‘ಬಿಕಾಸ್ ಆಫ್’. ಕಿಟಕಿಯಿಂದ ಇಣುಕಿದ ಎಂದರೆ ‘ಥ್ರೂ’. ಸೋಮವಾರದಿಂದ ಜ್ವರ ಎಂದರೆ ‘ಸಿನ್ಸ್’, ಮೂರು ದಿನದಿಂದ ಜ್ವರ ಎಂದರೆ ‘ಫಾರ್’. ಒಂದು ಪ್ರತ್ಯಯಕ್ಕೆ ಏಳು ದಾರಿ. ಪಟ್ಟಿಯನ್ನು ನಂಬಿದ ಮಗು ರಜೆ ಚೀಟಿಯಲ್ಲಿ ‘ಐ ಹ್ಯಾವ್ ಫೀವರ್ ಫ್ರಮ್ ತ್ರೀ ಡೇಸ್’ ಎಂದು ಬರೆಯುತ್ತದೆ, ನಾವು ಅದಕ್ಕೆ ಕೆಂಪು ಗೆರೆ ಎಳೆಯುತ್ತೇವೆ. ಗೆರೆ ಎಳೆಯಬೇಕಾದ್ದು ಪಟ್ಟಿಯ ಮೇಲೆ.

‘ಮೇಲೆ’ಯ ಕಥೆಯೂ ಇದೇ. ಮೇಜಿನ ಮೇಲಿನ ಪುಸ್ತಕಕ್ಕೆ ‘ಆನ್’. ತಲೆಯ ಮೇಲೆ ಹಾರಿದ ವಿಮಾನಕ್ಕೆ ‘ಓವರ್’, ಏಕೆಂದರೆ ಅಲ್ಲಿ ಒಂದಕ್ಕೊಂದು ತಾಗಿಲ್ಲ. ಅವನ ಮೇಲೆ ಕೇಸು ಹಾಕಿದರೆ ‘ಅಗೇನ್ಸ್ಟ್’, ಊಟ ಆದ ಮೇಲೆ ಎಂದರೆ ‘ಆಫ್ಟರ್’. ಇನ್ನು ಹೊತ್ತು ಹೇಳುವಾಗ ಜುಲೈಗೆ ‘ಇನ್’, ಸೋಮವಾರಕ್ಕೆ ‘ಆನ್’, ಐದು ಗಂಟೆಗೆ ‘ಅಟ್’. ಕನ್ನಡದ ಯಾವ ಪ್ರತ್ಯಯವನ್ನು ಹಿಡಿದು ಹೊರಟರೂ ಈ ಮೂರನ್ನು ಮುಟ್ಟಲಾಗದು.

ಕನ್ನಡದೊಳಗೇ ಇಂಥ ಪಟ್ಟಿ ನಿಲ್ಲುವುದಿಲ್ಲ ಎಂಬುದನ್ನು ನಮ್ಮ ವೈಯಾಕರಣರು ಯಾವಾಗಲೋ ಕಂಡುಕೊಂಡಿದ್ದರು. ಒಂದು ವಿಭಕ್ತಿ ಬರಬೇಕಾದ ಕಡೆ ಇನ್ನೊಂದು ಬರುವುದನ್ನು ವಿಭಕ್ತಿ ಪಲ್ಲಟ ಎಂದು ಕರೆದು ಪಾಠ ಮಾಡಿದರು. 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜನ ಪರಂಪರೆ ಅದು. ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ಇವತ್ತಿಗೂ ಅದನ್ನು ಓದಿಸುತ್ತೇವೆ. ಕನ್ನಡದ ಪಿರಿಯಡ್‌ನಲ್ಲಿ ಓದಿದ್ದನ್ನು ಇಂಗ್ಲಿಷ್ ಪಿರಿಯಡ್‌ನಲ್ಲಿ ಮರೆತುಬಿಡು ಎಂದು ಮಗುವಿಗೆ ಹೇಳುವುದು ಯಾವ ನ್ಯಾಯ?

ಆದರೂ ಈ ನಂಬಿಕೆ ನಮ್ಮ ಕಡೆ ಇಷ್ಟು ಗಟ್ಟಿಯಾಗಿರುವುದಕ್ಕೆ ಕಾರಣವಿದೆ. ಇಲ್ಲಿನ ಭಾಷೆಗಳ ನಡುವೆ ಆ ಪಟ್ಟಿ ನಿಜವಾಗಿಯೂ ಕೆಲಸ ಮಾಡುತ್ತದೆ. ಬೀದರ್ ಜಿಲ್ಲೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಹುಲಸೂರದ ಪಕ್ಕದಲ್ಲೇ ಮಹಾರಾಷ್ಟ್ರದ ಗಡಿ. ಮನೆಯಲ್ಲಿ ಒಂದು, ಓಣಿಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು ಮಾತು ಆಡುವ ಮಕ್ಕಳು ಇಲ್ಲಿ ಸಾಮಾನ್ಯ. ನಿನ್ನೆ ಯಾಕೆ ಬರಲಿಲ್ಲ ಎಂದು ಕೇಳಿದರೆ ಒಬ್ಬ ‘ಮಳಿ ಬಂತು ಅಂತ ಬರಲಿಲ್ರಿ’ ಎನ್ನುತ್ತಾನೆ. ಮರಾಠಿಯವ ‘ಪಾವೂಸ್ ಆಲಾ ಮ್ಹಣೂನ್ ಆಲೋ ನಾಹೀ’ ಎನ್ನುತ್ತಾನೆ. ದಖನಿಯವ ‘ಪಾನಿ ಆಯಾ ಬೋಲ್ಕೆ ನೈ ಆಯಾ’ ಎನ್ನುತ್ತಾನೆ. ಅಂತ, ಮ್ಹಣೂನ್, ಬೋಲ್ಕೆ: ಮೂರೂ ‘ಹೇಳಿ’ ಎಂಬ ಅರ್ಥದಿಂದ ಬಂದು ಕಾರಣ ಹೇಳುವ ಕೆಲಸಕ್ಕೆ ನಿಂತ ಮಾತುಗಳು. ಮೂರೂ ಒಂದೇ ಜಾಗದಲ್ಲಿ ಕೂತಿವೆ. ಮೊದಲು ಕಾರಣ, ಅದರ ಬೆನ್ನಿಗೆ ಜೋಡಿಸುವ ಮಾತು, ಆಮೇಲೆ ಫಲ.

ಇದು ನಮ್ಮೂರಿನ ವಿಶೇಷ ಮಾತ್ರವಲ್ಲ. ಸಾಂಗ್ಲಿ ಜಿಲ್ಲೆಯ ಕುಪ್ವಾಡ ಎಂಬ ಊರಿನಲ್ಲಿ ಕನ್ನಡ, ಮರಾಠಿ, ಉರ್ದುಗಳು ಹೇಗೆ ಬೆರೆತಿವೆ ಎಂದು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು ಅಧ್ಯಯನ ಮಾಡಿ 1971ರಲ್ಲಿ ಪ್ರಕಟಿಸಿದರು. ಪದಗಳು ಬೇರೆ ಬೇರೆಯಾಗಿಯೇ ಉಳಿದಿದ್ದರೂ ವಾಕ್ಯದ ಕಟ್ಟು ಎಷ್ಟು ಒಂದಾಗಿದೆ ಎಂದರೆ ಪದಕ್ಕೆ ಪದ ಇಟ್ಟರೆ ಒಂದು ಭಾಷೆಯ ವಾಕ್ಯ ಇನ್ನೊಂದರದ್ದಾಗುತ್ತದೆ ಎಂದು ತೋರಿಸಿಕೊಟ್ಟರು. ಶತಮಾನಗಳ ಕಾಲ ಒಂದೇ ಊರಿನಲ್ಲಿ ಜೊತೆಗೆ ಬಾಳಿದ ಭಾಷೆಗಳಿಗೆ ಬಂದ ಹೋಲಿಕೆ ಅದು. ಹುಟ್ಟಿನಿಂದ ಕನ್ನಡ ದ್ರಾವಿಡ, ಮರಾಠಿ ಮತ್ತು ಉರ್ದು ಇಂಡೋ-ಆರ್ಯನ್; ಸಂಬಂಧ ಬೆಳೆದದ್ದು ನೆರೆಹೊರೆಯಿಂದ. ಇಂಗ್ಲಿಷ್ ಆ ನೆರೆಹೊರೆಯಲ್ಲಿ ಬೆಳೆದ ಭಾಷೆಯಲ್ಲ. ಮರಾಠಿಗೆ ದಾಟಿದ ಹಾಗೆಯೇ ಇಂಗ್ಲಿಷಿಗೂ ದಾಟಬಹುದು ಎಂದು ಗಡಿಯ ಮಗು ಅಂದುಕೊಂಡರೆ ಅದರಲ್ಲಿ ದಡ್ಡತನವಿಲ್ಲ, ತಾನು ಕಂಡ ಸತ್ಯವನ್ನೇ ಅದು ಮುಂದುವರಿಸುತ್ತಿದೆ. ತಿದ್ದಬೇಕಾದವರು ಪಟ್ಟಿ ಕೊಟ್ಟು ಆ ಭ್ರಮೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತಾರೆ, ನನ್ನ ಸಿಟ್ಟು ಅದಕ್ಕೆ.

ಪರಿಣಾಮ ನೋಡಿ. ಅಂತ ಎಂದರೆ ‘ಬಿಕಾಸ್’ ಎಂದು ಕಲಿತ ಹುಡುಗ ಮಳೆಯ ವಾಕ್ಯವನ್ನು ತನ್ನ ಮಾತಿನ ಕ್ರಮದಲ್ಲೇ ಇಳಿಸುತ್ತಾನೆ: ‘ರೇನ್ ಕೇಮ್ ಬಿಕಾಸ್ ಐ ಡಿಡ್ ನಾಟ್ ಕಮ್’. ಕಾಗುಣಿತ ಸರಿ, ಒಂದೊಂದು ಪದವೂ ಪಟ್ಟಿಯ ಪ್ರಕಾರ ಸರಿ, ಆದರೆ ಅರ್ಥ? ಅವನು ಬರಲಿಲ್ಲವಾದ್ದರಿಂದ ಮಳೆ ಬಂತು! ಇಂಗ್ಲಿಷಿನಲ್ಲಿ ಜೋಡಿಸುವ ಮಾತು ಕಾರಣದ ಮುಂದೆ ನಿಲ್ಲುತ್ತದೆ, ನಮ್ಮಲ್ಲಿ ಕಾರಣದ ಹಿಂದೆ. ಜಾಗ ತಪ್ಪಿದರೆ ಕಾರಣವೇ ಫಲ, ಫಲವೇ ಕಾರಣ. ಜಾಗದ ವಿಷಯ ಯಾವ ಪಟ್ಟಿಯಲ್ಲೂ ಇಲ್ಲ.

ಇಂಗ್ಲಿಷ್ ತರ್ಕಬದ್ಧ ಭಾಷೆ, ನಿಯಮ ತಿಳಿದರೆ ಸಾಕು ಎನ್ನುವವರು ಆ ಭಾಷೆಯ ಚರಿತ್ರೆಯನ್ನಾದರೂ ಒಮ್ಮೆ ನೋಡಬೇಕು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲೂ ನಮ್ಮ ಹಾಗೆಯೇ ನಾಮಪದದ ಕೊನೆಗೆ ಹತ್ತುವ ವಿಭಕ್ತಿ ಪ್ರತ್ಯಯಗಳಿದ್ದವು. ಕಾಲ ಕಳೆದಂತೆ ಅವು ಸವೆದು ಬಿದ್ದವು, ಅವುಗಳ ಹೊರೆಯನ್ನು ಬಿಡಿ ಪದಗಳು ಹೊತ್ತವು. ಹೊತ್ತದ್ದು ಯಾವ ಯೋಜನೆಯ ಪ್ರಕಾರವೂ ಅಲ್ಲ. ಇವತ್ತು ‘ಜೊತೆಗೆ’ ಎಂದು ನಾವು ಕಲಿಸುವ ‘ವಿತ್’ಗೆ ಆಗ ‘ಎದುರಾಗಿ’ ಎಂಬ ಅರ್ಥವಿತ್ತು. ಜೊತೆ ಎನ್ನಲು ‘ಮಿಡ್’ ಎಂಬ ಬೇರೆ ಪದವೇ ಇತ್ತು. ‘ಫೈಟ್ ವಿತ್’, ‘ವಿತ್‌ಸ್ಟ್ಯಾಂಡ್’ ಎನ್ನುವಲ್ಲಿ ಆ ಹಳೆಯ ಎದುರಾಳಿತನ ಇನ್ನೂ ಉಳಿದಿದೆ. ಹೀಗೆ ಬೆಳೆದದ್ದನ್ನು ಎರಡು ಕಾಲಮ್ಮಿನ ಕೋಷ್ಟಕದಲ್ಲಿ ಕಟ್ಟಿಹಾಕಲು ಆಗುತ್ತದೆಯೇ?

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಡ. ‘ಆಂಡ್’, ‘ಬಟ್’ಗಳಿಂದ ವಾಕ್ಯ ಶುರು ಮಾಡಬಾರದು ಎಂಬ ನಿಯಮವಿಲ್ಲ, 1611ರ ಇಂಗ್ಲಿಷ್ ಬೈಬಲ್ಲಿನ ಮೊದಲ ಅಧ್ಯಾಯದ ಬಹುತೇಕ ವಚನಗಳು ‘ಆಂಡ್’ನಿಂದಲೇ ಶುರುವಾಗುತ್ತವೆ. ಪ್ರಿಪೊಸಿಷನ್‌ನಿಂದ ವಾಕ್ಯ ಮುಗಿಸಬಾರದು ಎಂಬ ಕಟ್ಟಳೆಯ ಹಿಂದಿರುವುದು 1672ರಲ್ಲಿ ಕವಿ ಡ್ರೈಡನ್ ತನ್ನ ಹಿಂದಿನವರ ಮೇಲೆ ಹೊರಿಸಿದ ಒಂದು ಆಕ್ಷೇಪ, ಇಂಗ್ಲಿಷರ ಬಳಕೆಯಲ್ಲ. ‘ಮೋರೋವರ್’, ‘ಫರ್ದರ್‌ಮೋರ್’ ತುರುಕಿದರೆ ಪ್ರಬಂಧಕ್ಕೆ ತೂಕ ಬರುತ್ತದೆ ಎಂಬುದೂ ಸುಳ್ಳು; ಎರಡು ಮಾತಿನ ನಡುವೆ ಸಂಬಂಧವೇ ಇಲ್ಲದಿದ್ದರೆ ಯಾವ ಪದವೂ ಅದನ್ನು ಹುಟ್ಟಿಸಲಾರದು. ಕನ್ನಡದಲ್ಲಿ ಇಂಥ ಜೋಡಣೆಯ ಪದಗಳಿಲ್ಲ, ಆದ್ದರಿಂದ ಅದರಲ್ಲಿ ತರ್ಕ, ವಿಜ್ಞಾನ ಬರೆಯಲಾಗದು ಎನ್ನುವ ಮಾತು ಮಾತ್ರ ನನಗೆ ನೋವು ಕೊಡುತ್ತದೆ. ಮಾಡಿ, ಮಾಡಿದರೆ, ಮಾಡಿದರೂ, ಮಾಡಿದ್ದರಿಂದ, ಮಾಡುವಾಗ, ಮಾಡುವಷ್ಟರಲ್ಲಿ: ಇಂಗ್ಲಿಷ್ ಬಿಡಿ ಪದಗಳಲ್ಲಿ ಹೇಳುವುದನ್ನು ಕನ್ನಡ ಕ್ರಿಯಾಪದದ ಬಾಲದಲ್ಲೇ ಹೇಳಿ ಮುಗಿಸುತ್ತದೆ.

ಇಷ್ಟೆಲ್ಲ ಕಣ್ಣೆದುರಿಗೇ ಇದ್ದರೂ ನಂಬಿಕೆ ಯಾಕೆ ಸಾಯುವುದಿಲ್ಲ? ಸುಲಭದ ಮಾತನ್ನು ನಂಬುವುದು ನಮಗೆ ರೂಢಿಯಾಗಿದೆ. ಮೂವತ್ತು ದಿನದಲ್ಲಿ ಇಂಗ್ಲಿಷ್ ಎಂಬ ಬೋರ್ಡ್ ಕಂಡರೆ ತೊಗರಿ ಮಾರಿದ ದುಡ್ಡನ್ನು ಎಣಿಸಿ ಕೊಡುವ ತಂದೆಯರಿದ್ದಾರೆ. ಬೀಜದಂಗಡಿಯಲ್ಲಿ ಹತ್ತು ಪ್ರಶ್ನೆ ಕೇಳುವ ಅದೇ ಮನುಷ್ಯ ಇಲ್ಲಿ ಒಂದೂ ಕೇಳುವುದಿಲ್ಲ. ಅಚ್ಚಾಗಿದ್ದೆಲ್ಲ ಸತ್ಯ, ಇಂಗ್ಲಿಷಿನಲ್ಲಿ ಅಚ್ಚಾಗಿದ್ದು ಇನ್ನೂ ದೊಡ್ಡ ಸತ್ಯ ಎಂಬ ಭಾವನೆ ಅದು. ತಿಂಗಳು ಮುಗಿದ ಮೇಲೆ ಮಗುವಿಗೆ ಬರುವುದು ಅದೇ ಪಟ್ಟಿ, ಜೊತೆಗೆ ತನಗೆ ಇಂಗ್ಲಿಷ್ ಹತ್ತುವುದಿಲ್ಲ ಎಂಬ ಅಳುಕು.

ಮಾಸ್ತರರಲ್ಲಿ, ಬಾಯಿಯವರಲ್ಲಿ ನನ್ನ ಕೋರಿಕೆ ಇಷ್ಟೇ. ಆ ಪಟ್ಟಿಯನ್ನು ಗೋಡೆಯಿಂದ ಇಳಿಸಿ. ಅದರ ಜಾಗದಲ್ಲಿ ಜ್ವರದ್ದು, ಮಳೆಯದ್ದು, ಬಸ್ಸಿನದ್ದು, ಸಂತೆಯದ್ದು ಪೂರ್ಣ ವಾಕ್ಯಗಳನ್ನು ಬರೆದು ಹಚ್ಚಿ. ‘ವೇಟ್’ ಹೇಳಿಕೊಡುವಾಗಲೇ ‘ವೇಟ್ ಫಾರ್’ ಎಂದು ಹೇಳಿಕೊಡಿ, ‘ಡಿಸ್ಕಸ್’ಗೆ ‘ಅಬೌಟ್’ ಬೇಡವೆಂದು ಆಗಲೇ ಹೇಳಿಬಿಡಿ. ಮಗು ತಪ್ಪು ಬರೆದಾಗ ಅದು ಯಾವ ಕನ್ನಡ, ಯಾವ ಮರಾಠಿ ವಾಕ್ಯದಿಂದ ಹೊರಟಿತು ಎಂದು ಕೇಳಿ, ಎರಡನ್ನೂ ಪಕ್ಕಪಕ್ಕ ಬರೆದು ತೋರಿಸಿ.